ಕೋಡ್ ಭಂಡಾರ ಮತ್ತು ಕೃತಕ ಬುದ್ಧಿಯ ಸಹಾಯಕ: ಅವುಗಳ ಸಂಯೋಜನೆ

ತಂತ್ರಾಂಶಗಳ ಮೂಲಪಠ್ಯವನ್ನು ಅದರ ಸಮಗ್ರ ಪೂರ್ವಚರಿತ್ರೆಯೊಡನೆ ಅಂತರ್ಜಾಲದಲ್ಲಿ ಕಾದಿರಿಸಿ, ಅನೇಕರು ಏಕಕಾಲದಲ್ಲಿ ಅದರ ಮೇಲೆ ಕೆಲಸಮಾಡುವುದಕ್ಕೆ ಅನುಕೂಲ ಕಲ್ಪಿಸುವ ಸೇವೆಗೆ ಕೋಡ್ ಹೋಸ್ಟಿಂಗ್ ಸೇವೆ ಎಂದು ಹೆಸರು. ಗಿಟ್‌ಹಬ್, ಗಿಟ್‌ಲ್ಯಾಬ್, ಬಿಟ್‌ಬಕೆಟ್ ಎಂಬುವು ಇವುಗಳಲ್ಲಿ ಪ್ರಸಿದ್ಧವಾದವು. ಇಂಥ ಸೇವೆಯೊಂದನ್ನು, ಮಾನವಭಾಷೆಯಲ್ಲಿ ಕೊಟ್ಟ ಸೂಚನೆಯನ್ನು ಗ್ರಹಿಸಿ ಅದಕ್ಕನುಗುಣವಾಗಿ ವರ್ತಿಸಬಲ್ಲ ಕೃತಕ ಬುದ್ಧಿಯ ಸಹಾಯಕದೊಡನೆಯೂ, ಯಾರ ಪ್ರತ್ಯೇಕ ಅಪ್ಪಣೆಯನ್ನೂ ಕಾಯದೆ ನಿಯತ ಸಂದರ್ಭಗಳಲ್ಲಿ ತಾವಾಗಿ ನಡೆಯುವ ಕಾರ್ಯಸರಣಿಗಳೊಡನೆಯೂ ಜೋಡಿಸುವ ಪದ್ಧತಿ 2020ರ ಈಚೆಗೆ ಅತಿಶಯವಾದ ವೇಗದಿಂದ ಬೆಳೆದುಬಂದಿದೆ. ಆ ಜೋಡಣೆಯ ವಿಧಾನ, ಅದಕ್ಕೆ ಬೇಕಾದ ಅನುಮತಿಗಳ ಏರ್ಪಾಡು, ಅದರಿಂದ ಒದಗುವ ಪ್ರಯೋಜನ ಮತ್ತು ಅಪಾಯ ಇವು ಈ ಲೇಖನದ ವಸ್ತು. ವಿವರಣೆಗೆ ಗಿಟ್‌ಹಬ್ಬನ್ನೇ ಮುಖ್ಯ ನಿದರ್ಶನವಾಗಿ ಇಟ್ಟುಕೊಂಡಿದೆ. ಏಕೆಂದರೆ ಬಳಕೆದಾರರ ಸಂಖ್ಯೆಯಲ್ಲಿ ಅದೇ ದೊಡ್ಡದು, ಮತ್ತು ಇತರ ಸೇವೆಗಳ ರಚನೆಯೂ ಬಹುಮಟ್ಟಿಗೆ ಅದನ್ನೇ ಹೋಲುತ್ತದೆ. ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಈಗ ಅರ್ಧ ಗಂಟೆಯದು. ಜೋಡಿಸಿದ ಮೇಲೆ ಯಾವುದಕ್ಕೆ ಎಷ್ಟು ಅಧಿಕಾರ ಎಂಬುದನ್ನು ಗೊತ್ತುಪಡಿಸುವ ಕೆಲಸವೇ ವಿವೇಕವನ್ನು ಬೇಡುವಂಥದು ಎಂಬುದನ್ನು ಓದುಗರು ಆರಂಭದಲ್ಲಿಯೇ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.

ಚರಿತ್ರೆ

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಮೂಲಕರ್ತನಾದ ಲೀನಸ್ ಟೊರ್ವಾಲ್ಡ್ಸ್, ತನ್ನ ಸಹೋದ್ಯೋಗಿಗಳೊಡನೆ ಅದುವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಸಾಧನದ ಉಚಿತ ಪರವಾನಗಿ ರದ್ದಾದ ಕಾರಣ, 2005ರ ಏಪ್ರಿಲ್ ತಿಂಗಳಿನಲ್ಲಿ ಗಿಟ್ ಎಂಬ ಆವೃತ್ತಿನಿಯಂತ್ರಣ ಸಾಧನವನ್ನು ರಚಿಸಿದನು. ಅದೇ ವರ್ಷದ ಜುಲೈಯಲ್ಲಿ ಅದರ ಪಾಲನೆಯ ಭಾರವನ್ನು ಜೂನಿಯೊ ಹಮಾನೊ ವಹಿಸಿಕೊಂಡನು. ಗಿಟ್‌ನ ವಿಶೇಷವೇನೆಂದರೆ, ಮೂಲಪಠ್ಯದಲ್ಲಿ ಮಾಡಿದ ಪ್ರತಿಯೊಂದು ತಿದ್ದುಪಡಿಯೂ, ಅಂದರೆ ಪ್ರತಿಯೊಂದು ಕಮಿಟ್ ಸಹ, ತನ್ನ ಒಳವಸ್ತುವಿನಿಂದಲೇ ಗಣಿಸಲ್ಪಟ್ಟ 40 ಅಕ್ಷರಗಳ ಒಂದು ಗುರುತನ್ನು ಪಡೆಯುತ್ತದೆ. ಒಳಗಿನ ಒಂದು ಅಕ್ಷರ ಬದಲಾದರೂ ಗುರುತು ಬದಲಾಗುತ್ತದೆ. ಮತ್ತು ಪ್ರತಿ ಕಮಿಟ್‌ನಲ್ಲಿ ಹಿಂದಿನದರ ಗುರುತೂ ಅಡಗಿರುವುದರಿಂದ, ಹಳೆಯ ಶಾನುಭೋಗರ ಕಿರ್ದಿಯಲ್ಲಿ ನಡುವಿನ ಹಾಳೆಯನ್ನು ಕಿತ್ತರೆ ಮುಂದಿನ ಲೆಕ್ಕವೆಲ್ಲ ತಪ್ಪಿ ಕಳವು ಬಯಲಾಗುತ್ತಿದ್ದಂತೆ, ಇಲ್ಲಿಯೂ ಪೂರ್ವಚರಿತ್ರೆಯನ್ನು ಗುಟ್ಟಾಗಿ ತಿದ್ದುವುದು ಸಾಧ್ಯವಾಗುವುದಿಲ್ಲ. ಯಂತ್ರಕ್ಕೆ ಕೋಡ್ ಬರೆಯುವ ಕೆಲಸವನ್ನು ಒಪ್ಪಿಸುವ ಧೈರ್ಯ ಈ ಕಾಲದವರಿಗೆ ಬಂದದ್ದು ಬಹುಮಟ್ಟಿಗೆ ಈ ಗುಣದಿಂದಲೇ ಎಂದು ಹೇಳಬಹುದು. ಯಂತ್ರ ಮಾಡಿದ್ದನ್ನು ಸಾಲು ಸಾಲಾಗಿ ಕಾಣಬಹುದು, ಬೇಡವೆಂದರೆ ಹಿಂದಕ್ಕೆ ತೆಗೆಯಬಹುದು.

ಗಿಟ್ಟನ್ನು ಅಂತರ್ಜಾಲದ ಸಾರ್ವಜನಿಕ ಸೇವೆಯಾಗಿ ಒದಗಿಸಿದ ಗಿಟ್‌ಹಬ್ ಸಂಸ್ಥೆ 2008ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಆರಂಭವಾಯಿತು. ಟಾಮ್ ಪ್ರೆಸ್ಟನ್-ವರ್ನರ್, ಕ್ರಿಸ್ ವಾನ್‌ಸ್ಟ್ರಾತ್, ಪಿ. ಜೆ. ಹಯೆಟ್ ಮುಂತಾದವರು ಅದರ ಸ್ಥಾಪಕರು. 2018ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ 750 ಕೋಟಿ ಡಾಲರಿಗೆ ಅದನ್ನು ಕೊಳ್ಳುವುದಾಗಿ ಪ್ರಕಟಿಸಿ, ಅಕ್ಟೋಬರಿನಲ್ಲಿ ವ್ಯವಹಾರವನ್ನು ಮುಗಿಸಿತು. 2023ರ ಜನವರಿಯ ವೇಳೆಗೆ ಅದರ ಬಳಕೆದಾರರು 10 ಕೋಟಿಯನ್ನು ಮುಟ್ಟಿದ್ದರು. ಗಿಟ್‌ಹಬ್ ರೂಢಿಗೆ ತಂದ ಪುಲ್ ರಿಕ್ವೆಸ್ಟ್ ಎಂಬ ಕ್ರಮ, ಈ ಲೇಖನದ ದೃಷ್ಟಿಯಿಂದ, ಅದರ ಇತರ ಎಲ್ಲ ಸೌಲಭ್ಯಗಳಿಗಿಂತ ಹಿರಿದು. ಮೂಲಪಠ್ಯವನ್ನು ಇಟ್ಟಿರುವ ಭಂಡಾರದ ಮುಖ್ಯ ಶಾಖೆಯನ್ನು ನೇರವಾಗಿ ಮುಟ್ಟದೆ, ಬೇರೊಂದು ಶಾಖೆಯಲ್ಲಿ, ಅಂದರೆ ಬ್ರಾಂಚಿನಲ್ಲಿ, ತಿದ್ದುಪಡಿಯನ್ನು ಮಾಡಿ, ಅದನ್ನು ಸ್ವೀಕರಿಸಬೇಕೆಂದು ಪಾಲಕರ ಮುಂದೆ ಇಡುವ ವಿಜ್ಞಾಪನೆಯೇ ಪುಲ್ ರಿಕ್ವೆಸ್ಟ್. ಅಪರಿಚಿತನಾದ ಮನುಷ್ಯನಿಂದ ಬಂದ ತಿದ್ದುಪಡಿಯನ್ನು ಸಾವಧಾನವಾಗಿ ಪರಿಶೀಲಿಸುವುದಕ್ಕೆಂದು ಹುಟ್ಟಿದ ಈ ಕ್ರಮ, ಯಂತ್ರದಿಂದ ಬಂದ ತಿದ್ದುಪಡಿಗೂ ಯಾವ ಬದಲಾವಣೆಯೂ ಇಲ್ಲದೆ ಒಪ್ಪುವಂತಾಯಿತು.

ಸ್ವಯಂಚಾಲಿತ ಕಾರ್ಯಸರಣಿಯ ಚರಿತ್ರೆ ಇದಕ್ಕಿಂತಲೂ ಹಿಂದಿನದು. ಹಲವರು ಬರೆದ ಕೋಡನ್ನು ದಿನಕ್ಕೆ ಅನೇಕ ಸಾರಿ ಒಂದುಗೂಡಿಸಿ, ಒಂದುಗೂಡಿಸಿದಾಗಲೆಲ್ಲ ಯಂತ್ರದಿಂದಲೇ ಪರೀಕ್ಷೆ ಮಾಡಿಸಬೇಕೆಂಬ ನಿಯಮ 1990ರ ದಶಕದ ಕೊನೆಯಲ್ಲಿ ತಂತ್ರಾಂಶ ತಜ್ಞ ಕೆಂಟ್ ಬೆಕ್ ಮೊದಲಾದವರ ಪ್ರತಿಪಾದನೆಯಿಂದ ಪ್ರಚಾರಕ್ಕೆ ಬಂತು. ಸನ್ ಸಂಸ್ಥೆಯಲ್ಲಿದ್ದ ಕೊಹ್ಸುಕೆ ಕವಾಗುಚಿ ಇಂಥ ಪರೀಕ್ಷೆಗಳನ್ನು ನಡೆಸಲು ರಚಿಸಿದ ಹಡ್ಸನ್ ಎಂಬ ಸಾಧನ, 2011ರಲ್ಲಿ ಜೆಂಕಿನ್ಸ್ ಎಂಬ ಹೊಸ ಹೆಸರನ್ನು ತಾಳಿ, ಬೆಂಗಳೂರಿನ ಕಚೇರಿಗಳೂ ಸೇರಿದಂತೆ ಲೋಕದ ಅಸಂಖ್ಯ ತಂತ್ರಾಂಶ ಕಚೇರಿಗಳಲ್ಲಿ ನೆಲೆನಿಂತಿತು. ಈ ಕೆಲಸವನ್ನು ಭಂಡಾರದ ಒಳಗೇ ತಂದುಕೊಂಡ ಗಿಟ್‌ಹಬ್ ಆ್ಯಕ್ಷನ್ಸ್ 2018ರ ಅಕ್ಟೋಬರಿನಲ್ಲಿ ಪ್ರಕಟವಾಗಿ, 2019ರ ನವೆಂಬರಿನಲ್ಲಿ ಸರ್ವರಿಗೂ ದೊರೆಯುವಂತಾಯಿತು.

ಕೃತಕ ಬುದ್ಧಿ ಈ ರಂಗವನ್ನು ಪ್ರವೇಶಿಸಿದ್ದು ಮೂರು ಹೆಜ್ಜೆಗಳಲ್ಲಿ. 2021ರ ಜೂನ್‌ನಲ್ಲಿ ಪ್ರಾಯೋಗಿಕವಾಗಿ ಬಿಡುಗಡೆಯಾದ ಗಿಟ್‌ಹಬ್ ಕೋಪೈಲಟ್, ಓಪನ್‌ಎಐ ಸಂಸ್ಥೆಯ ಕೋಡೆಕ್ಸ್ ಎಂಬ ಭಾಷಾಮಾದರಿಯನ್ನು ಆಧರಿಸಿ, ಬರೆಯುತ್ತಿರುವವನ ಮುಂದಿನ ಸಾಲನ್ನು ಊಹಿಸಿ ಕೊಡುತ್ತಿತ್ತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸಂವಾದದ ಮೂಲಕ ಕೋಡ್ ಬರೆಸುವುದು ಬಳಕೆಗೆ ಬಂತು; ಆದರೆ ಬರೆಸಿದ್ದನ್ನು ನಕಲು ಮಾಡಿ ಭಂಡಾರಕ್ಕೆ ಒಯ್ಯುವ ಕೆಲಸ ಮನುಷ್ಯನದಾಗಿಯೇ ಉಳಿಯಿತು. ಮೂರನೆಯ ಹೆಜ್ಜೆಯಲ್ಲಿ ಸಹಾಯಕವೇ ಭಂಡಾರದೊಳಕ್ಕೆ ಬಂದು, ಕಡತಗಳನ್ನು ತೆರೆದು ಓದಿ, ಬ್ರಾಂಚ್ ಕಟ್ಟಿ, ಪರೀಕ್ಷೆಗಳನ್ನು ನಡೆಸಿ, ಪುಲ್ ರಿಕ್ವೆಸ್ಟ್ ಸಲ್ಲಿಸತೊಡಗಿತು. ಆಂಥ್ರೋಪಿಕ್ ಸಂಸ್ಥೆಯ ಕ್ಲಾಡ್ ಕೋಡ್, ಗಿಟ್‌ಹಬ್ಬಿನದೇ ಆದ ಕೋಪೈಲಟ್ ಕಾರ್ಯಕರ್ತ ಇವೆರಡೂ 2025ರಲ್ಲಿ ಈ ರೂಪವನ್ನು ಪಡೆದವು. ಮಾತನಾಡುವ ಯಂತ್ರ ಕೈಯುಳ್ಳ ಯಂತ್ರವಾದ ಈ ಮೂರನೆಯ ಹೆಜ್ಜೆಯಿಂದಲೇ ಮುಂದಿನ ಪ್ರಶ್ನೆಗಳೆಲ್ಲ ಹುಟ್ಟಿದುವು.

ಜೋಡಣೆಯ ಅಂಗಗಳು

ಭಂಡಾರದೊಡನೆ ಹೊರಗಿನ ಯಂತ್ರ ವ್ಯವಹರಿಸುವುದು ಎಪಿಐ ಎಂಬ ದ್ವಾರದ ಮೂಲಕ. ಕಡತವನ್ನು ಓದು, ದೂರನ್ನು (ಇಶ್ಯೂ) ದಾಖಲಿಸು, ಟಿಪ್ಪಣಿ ಸೇರಿಸು ಎಂಬ ಪ್ರತಿಯೊಂದು ಕ್ರಿಯೆಗೂ ನಿಶ್ಚಿತವಾದ ಒಂದು ವಿಳಾಸವೂ ಒಂದು ವಿನಂತಿಯ ರೂಪವೂ ಉಂಟು. ಗುರುತು ಹೇಳದೆ ಬಂದವರಿಗೆ ಗಂಟೆಗೆ 60 ವಿನಂತಿಗಳೂ, ಗುರುತಿನ ಟೋಕನ್ ತೋರಿಸಿದ ಬಳಕೆದಾರರಿಗೆ ಗಂಟೆಗೆ 5,000 ವಿನಂತಿಗಳೂ ಗಿಟ್‌ಹಬ್ಬಿನಲ್ಲಿ ಸಾಮಾನ್ಯ ಮಿತಿ.

ಎಪಿಐ ಮೂಲಕ ಹೊರಗಿನ ಯಂತ್ರ ಭಂಡಾರವನ್ನು ಕೇಳಬಹುದಾದರೆ, ಭಂಡಾರ ತಾನಾಗಿಯೇ ಹೊರಗಿನ ಯಂತ್ರಕ್ಕೆ ಸುದ್ದಿ ಮುಟ್ಟಿಸುವ ಏರ್ಪಾಡಿಗೆ ವೆಬ್‌ಹುಕ್ ಎಂದು ಹೆಸರು. ಯಾರಾದರೂ ಹೊಸ ದೂರನ್ನು ದಾಖಲಿಸಿದ ಕೂಡಲೆ, ಅದರ ಶೀರ್ಷಿಕೆ, ಒಕ್ಕಣೆ, ಬರೆದವರ ಹೆಸರು ಇವೆಲ್ಲವನ್ನೂ ಅಡಕಮಾಡಿಕೊಂಡ ಸಂದೇಶವೊಂದು ಮೊದಲೇ ಸೂಚಿಸಿಟ್ಟ ವಿಳಾಸಕ್ಕೆ ಹೊರಡುತ್ತದೆ. ಸಂದೇಶ ನಿಜವಾಗಿಯೂ ಗಿಟ್‌ಹಬ್ಬಿನಿಂದಲೇ ಬಂದುದೋ, ಮಧ್ಯೆ ಯಾರೋ ಸೃಷ್ಟಿಸಿ ಕಳುಹಿದುದೋ ಎಂಬುದನ್ನು ತಿಳಿಯುವ ಉಪಾಯವೂ ಇದೆ: ಎರಡು ಕಡೆಯವರಿಗೆ ಮಾತ್ರ ತಿಳಿದಿರುವ ಒಂದು ರಹಸ್ಯಪದವನ್ನು ಸಂದೇಶದೊಡನೆ ಬೆರೆಸಿ ಗಣಿಸಿದ ಮುದ್ರೆಯೊಂದು ಸಂದೇಶದ ತಲೆಯಲ್ಲಿ ಇರುತ್ತದೆ; ಸ್ವೀಕರಿಸುವವನು ಅದೇ ಗಣನೆಯನ್ನು ತಾನೂ ಮಾಡಿ, ಎರಡೂ ಒಂದೇ ಆಗಿದ್ದರೆ ಮಾತ್ರ ಸಂದೇಶವನ್ನು ನಂಬಬೇಕು. ಸ್ವೀಕರಿಸಿದವನು 10 ಸೆಕೆಂಡುಗಳೊಳಗೆ ಮುಟ್ಟಿತೆಂದು ಉತ್ತರ ಕೊಡಬೇಕೆಂಬ ನಿಯಮವಿರುವುದರಿಂದ, ಭಾಷಾಮಾದರಿಯನ್ನು ವಿಚಾರಿಸುವಂಥ ದೀರ್ಘಕಾರ್ಯವನ್ನು ಆಗಲೇ ಮಾಡತೊಡಗದೆ, ಸಂದೇಶವನ್ನು ಸರದಿಯಲ್ಲಿಟ್ಟು ಮೊದಲು ಉತ್ತರ ಕಳುಹಿ, ತರುವಾಯ ಕೆಲಸಕ್ಕೆ ಕೈಹಾಕುವುದು ಅನುಭವಿಗಳ ರೂಢಿ. ಈ ಮುದ್ರೆಯ ಪರೀಕ್ಷೆಯನ್ನು ಆಮೇಲೆ ನೋಡಿಕೊಳ್ಳೋಣವೆಂದು ಬಿಟ್ಟುಬಿಡುವವರು ಅನೇಕರು. ಹಾಗೆ ಬಿಟ್ಟ ಜೋಡಣೆಯನ್ನು ಪೂರ್ಣವಾಯಿತೆಂದು ಎಣಿಸಲಾಗದು.

ಕಾರ್ಯಸರಣಿಯ ವಿವರವನ್ನು ಭಂಡಾರದೊಳಗೇ, ಅದಕ್ಕೆಂದೇ ಗೊತ್ತಾದ ಕಡತಕೋಶದಲ್ಲಿ, ಯಾಮಲ್ ಎಂಬ ಸರಳ ಲಿಪಿಕ್ರಮದಲ್ಲಿ ಬರೆದಿಡುತ್ತಾರೆ. ಯಾವ ಘಟನೆ ಸಂಭವಿಸಿದಾಗ, ಯಾವ ಬಗೆಯ ಯಂತ್ರದ ಮೇಲೆ, ಯಾವ ಹೆಜ್ಜೆಗಳು ಯಾವ ಕ್ರಮದಲ್ಲಿ ನಡೆಯಬೇಕು ಎಂಬುದು ಅದರ ತಿರುಳು. ಘಟನೆ ಸಂಭವಿಸಿದೊಡನೆ ಗಿಟ್‌ಹಬ್ ತಾತ್ಕಾಲಿಕವಾದ ಒಂದು ಗಣಕವನ್ನು ಎಬ್ಬಿಸಿ, ಭಂಡಾರದ ಪ್ರತಿಯನ್ನು ಇಳಿಸುವುದೂ ಸೇರಿದಂತೆ ಬರೆದಿಟ್ಟ ಹೆಜ್ಜೆಗಳನ್ನು ಅದರಲ್ಲಿ ನಡೆಸಿ, ಮುಗಿದ ಮೇಲೆ ಆ ಗಣಕವನ್ನೇ ಅಳಿಸಿಹಾಕುತ್ತದೆ. ಒಂದೊಂದು ಕೆಲಸಕ್ಕೆ 6 ಗಂಟೆಗಳ ಮಿತಿ ಇದೆ. ಘಟನೆಯ ಬದಲು ಕಾಲವನ್ನು ನಿಯಮಿಸುವುದೂ ಸಾಧ್ಯ. ಆಗ ಎರಡು ಓಟಗಳ ನಡುವೆ ಕನಿಷ್ಠ 5 ನಿಮಿಷಗಳ ಅಂತರವಿರಬೇಕು. ಸಾಧಾರಣವಾಗಿ ಕಾಲಸೂಚನೆಯನ್ನು ಜಾಗತಿಕ ಪ್ರಮಾಣಕಾಲದಲ್ಲಿ ಬರೆಯುವುದರಿಂದ, ನಮ್ಮಲ್ಲಿ ಬೆಳಗಿನ 6 ಗಂಟೆಗೆ ನಡೆಯಬೇಕಾದ ಕೆಲಸಕ್ಕೆ ಅದೇ ದಿನಾಂಕದ 0 ಗಂಟೆ 30 ನಿಮಿಷವನ್ನು ನಮೂದಿಸಬೇಕಾಗುತ್ತದೆ. ಒಂದು ಕಾರ್ಯಸರಣಿ ತನ್ನ ಸಹಜ ಟೋಕನ್ನಿನಿಂದ ಮಾಡಿದ ಕಮಿಟ್ ಮತ್ತೊಂದು ಕಾರ್ಯಸರಣಿಯನ್ನು ಎಬ್ಬಿಸುವುದಿಲ್ಲವೆಂಬ ನಿಯಮವನ್ನೂ ಇಲ್ಲಿ ಹೇಳಬೇಕು. ಅದಿಲ್ಲದಿದ್ದರೆ, ಒಂದರ ಕ್ರಿಯೆಗೆ ಇನ್ನೊಂದು ಎಚ್ಚತ್ತು, ಅದರ ಕ್ರಿಯೆಗೆ ಮೊದಲನೆಯದು ಎಚ್ಚತ್ತು, ಕೊನೆಯಿಲ್ಲದ ಸುತ್ತು ಆರಂಭವಾಗುತ್ತಿತ್ತು.

ಸಹಾಯಕ ಮತ್ತು ಭಂಡಾರಗಳ ನಡುವಣ ಸಂಭಾಷಣೆಗೆ ಒಂದು ಸಾಮಾನ್ಯ ವ್ಯಾಕರಣವನ್ನು ಒದಗಿಸಿದ್ದು ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್. ಸಂಕ್ಷೇಪವಾಗಿ ಇದನ್ನು ಎಂಸಿಪಿ ಎನ್ನುತ್ತಾರೆ. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಸಂಸ್ಥೆ ಇದನ್ನು ಮುಕ್ತವಾಗಿ ಪ್ರಕಟಿಸಿತು. ಅದಕ್ಕೆ ಮೊದಲು ಪ್ರತಿಯೊಂದು ಸಹಾಯಕಕ್ಕೂ ಪ್ರತಿಯೊಂದು ಸೇವೆಗೂ ಪ್ರತ್ಯೇಕ ಜೋಡಣೆಯನ್ನು ಬರೆಯಬೇಕಾಗಿದ್ದು, ಹತ್ತು ಸಹಾಯಕಗಳಿಗೂ ಹತ್ತು ಸೇವೆಗಳಿಗೂ ನೂರು ಜೋಡಣೆಗಳಾಗುತ್ತಿದ್ದುವು. ಎರಡು ಕಡೆಯವರೂ ಒಂದೇ ಕ್ರಮವನ್ನು ಒಪ್ಪಿಕೊಂಡ ಮೇಲೆ ಅದು ಇಪ್ಪತ್ತಕ್ಕೆ ಇಳಿಯಿತು. ಸೇವೆಯ ಕಡೆಯಿಂದ ನಿಂತ ಎಂಸಿಪಿ ಸರ್ವರ್ ತನ್ನಲ್ಲಿರುವ ಉಪಕರಣಗಳ ಪಟ್ಟಿಯನ್ನು, ಪ್ರತಿಯೊಂದರ ಉಪಯೋಗದ ವಿವರಣೆಯೊಡನೆ, ಸಹಾಯಕದ ಮುಂದಿಡುತ್ತದೆ. ಸಹಾಯಕ ಅವುಗಳಲ್ಲಿ ತನಗೆ ಬೇಕಾದುದನ್ನು ಆರಿಸಿ ಕರೆಯುತ್ತದೆ. ಭಾಷಾಮಾದರಿ ತಾನಾಗಿ ಏನನ್ನೂ ಮುಟ್ಟಲಾರದು. ಇಂಥ ಉಪಕರಣವನ್ನು ಇಂಥ ವಿವರಗಳೊಡನೆ ನಡೆಸಬೇಕೆಂಬ ಕೋರಿಕೆಯನ್ನು ಪಠ್ಯರೂಪದಲ್ಲಿ ಹೊರಡಿಸುವುದಷ್ಟೆ ಅದರ ಶಕ್ತಿ, ನಡೆಸುವುದು ಅದರ ಸುತ್ತಲಿನ ಸಾಮಾನ್ಯ ತಂತ್ರಾಂಶ. ಆದಕಾರಣ ತಡೆಯಬೇಕಾದಲ್ಲಿ ತಡೆಯುವುದಕ್ಕೂ ಆ ನಡುವಣ ತಂತ್ರಾಂಶವೇ ಸರಿಯಾದ ಸ್ಥಳ.

ಭಂಡಾರದಿಂದಾಚೆಗೆ, ಇಮೇಲ್, ಲೆಕ್ಕಪತ್ರ, ಸಂದೇಶಸೇವೆ ಮೊದಲಾದುವನ್ನೆಲ್ಲ ಗಿಟ್‌ಹಬ್ಬಿನೊಡನೆ ಪೋಣಿಸಬೇಕೆನ್ನುವವರು ಅಮೆರಿಕದ ಜಾಪಿಯರ್, ಬರ್ಲಿನ್ ನಗರದ ಎನ್-ಎಯ್ಟ್-ಎನ್ ಮುಂತಾದ ಸಾಧನಗಳನ್ನು ಬಳಸುತ್ತಾರೆ. ಎರಡನೆಯದನ್ನು ಸ್ವಂತ ಗಣಕದಲ್ಲಿಯೂ ನಡೆಸಬಹುದು.

ಅನುಮತಿಗಳ ಏರ್ಪಾಡು

ಯಂತ್ರಕ್ಕೆ ಮಾಲೀಕನ ಪಾಸ್‌ವರ್ಡನ್ನೇ ಕೊಟ್ಟುಬಿಡುವ ಪದ್ಧತಿ ಒಂದು ಕಾಲದಲ್ಲಿ ಇತ್ತು. 2021ರ ಆಗಸ್ಟ್ 13ರಿಂದ ಗಿಟ್ ಕ್ರಿಯೆಗಳಿಗೆ ಪಾಸ್‌ವರ್ಡನ್ನು ಗಿಟ್‌ಹಬ್ ಸ್ವೀಕರಿಸುವುದಿಲ್ಲ. ಅದರ ಸ್ಥಾನದಲ್ಲಿ ಈಗ ಪ್ರಧಾನವಾಗಿ ಎರಡು ಮಾರ್ಗಗಳಿವೆ. ವ್ಯಕ್ತಿಯೊಬ್ಬನು ತನ್ನ ಹೆಸರಿನಲ್ಲಿ ಪಡೆಯುವ ಟೋಕನ್ ಮೊದಲನೆಯದು. ಇದರ ಹಳೆಯ ರೂಪ ಒಡೆಯನು ಪ್ರವೇಶಿಸಬಲ್ಲ ಎಲ್ಲ ಭಂಡಾರಗಳಿಗೂ ವ್ಯಾಪಿಸುತ್ತಿತ್ತು; 2022ರ ಅಕ್ಟೋಬರಿನಲ್ಲಿ ಬಂದ ಹೊಸ ರೂಪದಲ್ಲಿ ಇಂಥ ಭಂಡಾರ, ಇಂಥ ಕ್ರಿಯೆ, ಇಂಥ ದಿನದವರೆಗೆ ಎಂದು ಕತ್ತರಿಸಿ ಕೊಡಬಹುದು. ಎರಡನೆಯ ಮಾರ್ಗ ಗಿಟ್‌ಹಬ್ ಆ್ಯಪ್. ಇದು ಯಾವ ವ್ಯಕ್ತಿಯನ್ನೂ ಅವಲಂಬಿಸದೆ ತನ್ನದೇ ಹೆಸರಿನಿಂದ ವರ್ತಿಸುತ್ತದೆ. ತನ್ನ ಖಾಸಗಿ ಕೀಲಿಯಿಂದ ರುಜು ಮಾಡಿದ ಅಲ್ಪಾಯುಷ್ಯದ ಪತ್ರವನ್ನು ತೋರಿಸಿ, ಒಂದೇ ಗಂಟೆ ಬಾಳುವ ಟೋಕನ್ನನ್ನು ಪಡೆದು ಕೆಲಸ ಮಾಡುತ್ತದೆ. ಕಳವಾದ ಟೋಕನ್ ಒಂದು ಗಂಟೆಯ ನಂತರ ನಿರುಪಯುಕ್ತ. ಮಾಡಿದ ಕೆಲಸವೆಲ್ಲ ಆ್ಯಪಿನ ಹೆಸರಿನಲ್ಲಿಯೇ ದಾಖಲಾಗುವುದರಿಂದ, ಯಂತ್ರದ ಕಮಿಟ್ ಯಾವುದು, ಮನುಷ್ಯನ ಕಮಿಟ್ ಯಾವುದು ಎಂಬ ಸಂದೇಹಕ್ಕೂ ಎಡೆಯಿರುವುದಿಲ್ಲ. ಇವೆರಡರಲ್ಲಿ ಆ್ಯಪಿನ ಮಾರ್ಗವೇ ಶ್ರೇಷ್ಠವೆಂಬುದರಲ್ಲಿ ಸಂಶಯವಿಲ್ಲ. ಅದನ್ನು ಅಣಿಗೊಳಿಸಲು ತುಸು ಹೆಚ್ಚು ಶ್ರಮವಾಗುವುದೊಂದೇ ಜನ ಮೊದಲನೆಯದನ್ನು ಹಿಡಿಯಲು ಕಾರಣ.

ಕಾರ್ಯಸರಣಿಗಳಿಗೆ ಸಹಜವಾಗಿ ದೊರೆಯುವ ಟೋಕನ್ನಿನ ವಿಷಯದಲ್ಲಿಯೂ ಕಾಲಕ್ರಮದಲ್ಲಿ ಬಿಗಿ ಹೆಚ್ಚಿದೆ. ಮೊದಲು ಅದಕ್ಕೆ ಬರೆಯುವ ಅಧಿಕಾರ ತಾನಾಗಿಯೇ ಇರುತ್ತಿತ್ತು. 2023ರ ಫೆಬ್ರವರಿಯಿಂದ ಹೊಸದಾಗಿ ಆರಂಭವಾದ ಸಂಸ್ಥೆಗಳಲ್ಲಿ ಮತ್ತು ವೈಯಕ್ತಿಕ ಭಂಡಾರಗಳಲ್ಲಿ ಅದಕ್ಕೆ ಓದುವ ಅಧಿಕಾರವಷ್ಟೇ ಸಹಜವಾಗಿ ಇರುತ್ತದೆ, ಬರೆಯಬೇಕಾದರೆ ಸ್ಪಷ್ಟವಾಗಿ ಕೇಳಿಕೊಳ್ಳಬೇಕು. ಭಾಷಾಮಾದರಿಯ ಸೇವೆಗೆ ಬೇಕಾದ ಕೀಲಿಯನ್ನು ಯಾಮಲ್ ಕಡತದಲ್ಲಿ ಬರೆಯದೆ, ಗೂಢಲಿಪಿಯಲ್ಲಿ ಕಾದಿರಿಸುವ ರಹಸ್ಯಕೋಶದಲ್ಲಿ ಇಡಬೇಕು. ಒಮ್ಮೆ ಕಮಿಟ್ ಆದ ಕೀಲಿಯನ್ನು ಮರುಕ್ಷಣದಲ್ಲಿ ಅಳಿಸಿದರೂ ಅದು ಪೂರ್ವಚರಿತ್ರೆಯಲ್ಲಿ ಉಳಿದೇ ಇರುತ್ತದೆ. ಅಂಥ ಕೀಲಿಯನ್ನು ಕೂಡಲೆ ರದ್ದುಪಡಿಸುವುದೊಂದೇ ಪರಿಹಾರ.

ಒಂದು ನಿದರ್ಶನ

ವಿಷಯವನ್ನು ಹತ್ತಿರದಿಂದ ಕಾಣಲು ಕನ್ನಡಕ್ಕೇ ಸಂಬಂಧಿಸಿದ ಭಂಡಾರವೊಂದನ್ನು ತೆಗೆದುಕೊಳ್ಳಬಹುದು. ವಿ. ಕೃಷ್ಣ ಅವರು ದಶಕಗಳ ಪರಿಶ್ರಮದಿಂದ ಒಬ್ಬಂಟಿಯಾಗಿ ಸಂಕಲಿಸಿದ ಅಲರ್ ಎಂಬ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿದ್ದು, ಅದರ ಸಾಮಗ್ರಿಯೆಲ್ಲ ಗಿಟ್‌ಹಬ್ಬಿನಲ್ಲಿ ಮುಕ್ತ ಪರವಾನಗಿಯಡಿ ಸರ್ವರಿಗೂ ದೊರೆಯುತ್ತದೆ. ಇಂಥ ನಿಘಂಟಿನ ಭಂಡಾರವೊಂದಕ್ಕೆ ಸಹಾಯಕವನ್ನು ಜೋಡಿಸಬೇಕಾಗಿದೆ ಎಂದು ಊಹಿಸಿಕೊಳ್ಳೋಣ.

ಕನ್ನಡ ಬೆರಳಚ್ಚಿನಲ್ಲಿ ಬಹಳ ಕಾಲದಿಂದ ಇರುವ ಒಂದು ಕೀಟಲೆಯೆಂದರೆ, ಅನುಸ್ವಾರದ ಸೊನ್ನೆಗೆ ಬದಲಾಗಿ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿಬಿಡುವುದು. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಂಡರೂ ಯೂನಿಕೋಡಿನಲ್ಲಿ ಅವು ಎರಡು ಬೇರೆ ಅಕ್ಷರಗಳು. ಆದುದರಿಂದ ಹಾಗೆ ಬರೆದ ಪದ ಅಕಾರಾದಿಯಲ್ಲಿ ತನ್ನ ಸ್ಥಾನವನ್ನು ತಪ್ಪಿಸಿಕೊಂಡು, ಹುಡುಕಿದವರಿಗೆ ಸಿಕ್ಕದೆ ಹೋಗುತ್ತದೆ. ಈ ದೋಷವನ್ನು ಹಿಡಿಯಲು ಕೃತಕ ಬುದ್ಧಿಯ ಅವಶ್ಯಕತೆ ಕಿಂಚಿತ್ತೂ ಇಲ್ಲ. ಅಕ್ಷರಗಳ ನಡುವೆ ಅಂಕಿಯ ಸೊನ್ನೆ ಬಂದಿದೆಯೇ ಎಂದು ನೋಡುವ ನಾಲ್ಕು ಸಾಲಿನ ಪರೀಕ್ಷೆಯೊಂದನ್ನು ಕಾರ್ಯಸರಣಿಯಲ್ಲಿ ಸೇರಿಸಿದರೆ, ಪ್ರತಿ ಪುಲ್ ರಿಕ್ವೆಸ್ಟಿನ ಮೇಲೂ ಅದು ಕೆಲವೇ ಸೆಕೆಂಡುಗಳಲ್ಲಿ, ಒಂದೂ ತಪ್ಪದಂತೆ, ಪ್ರತಿ ಸಲವೂ ಒಂದೇ ಉತ್ತರವನ್ನು ಕೊಡುತ್ತದೆ. ಇದೇ ಕೆಲಸವನ್ನು ಭಾಷಾಮಾದರಿಗೆ ಒಪ್ಪಿಸಿದರೆ ವೆಚ್ಚವೂ ಹೆಚ್ಚು, ಉತ್ತರವೂ ಅನಿಶ್ಚಿತ. ನಿಯಮದಿಂದ ನಿರ್ಣಯಿಸಬಹುದಾದುದನ್ನೆಲ್ಲ ನಿಯಮಕ್ಕೆ ಬಿಟ್ಟು, ಅರ್ಥವಿಚಾರ ಬೇಕಾದುದನ್ನು ಮಾತ್ರ ಸಹಾಯಕಕ್ಕೆ ಕೊಡುವುದು ಇಂಥ ಸಂಯೋಜನೆಗಳಲ್ಲಿ ಮೊದಲು ಮಾಡಬೇಕಾದ ವಿಭಾಗ; ಈಗಿನ ಉತ್ಸಾಹದಲ್ಲಿ ಅನೇಕರು ಮರೆಯುವ ವಿಭಾಗವೂ ಇದೇ.

ಸಹಾಯಕಕ್ಕೆ ಉಚಿತವಾದ ಕೆಲಸ ಬೇರೊಂದು ಬಗೆಯದು. ಒಬ್ಬ ಓದುಗನು, ಒಂದು ಪದಕ್ಕೆ ಕೊಟ್ಟ ಅರ್ಥ ಬಯಲುಸೀಮೆಯ ಬಳಕೆಗೆ ಮಾತ್ರ ಸರಿ, ಕರಾವಳಿಯಲ್ಲಿ ಅದೇ ಪದಕ್ಕೆ ಬೇರೆ ಅರ್ಥವಿದೆ ಎಂದು ದೂರು ದಾಖಲಿಸುತ್ತಾನೆಂದು ಇಟ್ಟುಕೊಳ್ಳೋಣ. ಘಟನೆಯಿಂದ ಎಚ್ಚತ್ತ ಕಾರ್ಯಸರಣಿ ದೂರಿನ ಒಕ್ಕಣೆಯನ್ನು ಸಹಾಯಕಕ್ಕೆ ಕೊಡುತ್ತದೆ. ಸಹಾಯಕ ನಿಘಂಟಿನಲ್ಲಿ ಆ ಪದವನ್ನೂ ಅದರ ಸಜಾತೀಯ ಪದಗಳನ್ನೂ ಹುಡುಕಿ ತೆಗೆದು, ಇದೇ ವಿಷಯವಾಗಿ ಹಿಂದೆ ಬಂದ ದೂರುಗಳಿದ್ದರೆ ಅವನ್ನೂ ಪಕ್ಕದಲ್ಲಿಟ್ಟು, ಹೊಸ ಬ್ರಾಂಚಿನಲ್ಲಿ ಎರಡನೆಯ ಅರ್ಥದ ಕರಡನ್ನು ಸೇರಿಸಿ, ಕಾರಣಗಳನ್ನು ವಿವರಿಸುವ ಟಿಪ್ಪಣಿಯೊಡನೆ ಪುಲ್ ರಿಕ್ವೆಸ್ಟ್ ಸಲ್ಲಿಸುತ್ತದೆ. ಮೇಲೆ ಹೇಳಿದ ಸೊನ್ನೆಯ ಪರೀಕ್ಷೆಯೂ, ಪದ ಎರಡು ಬಾರಿ ಬಂದಿಲ್ಲವೆಂಬ ಪರೀಕ್ಷೆಯೂ ಯಂತ್ರದ ಆ ಬರವಣಿಗೆಯ ಮೇಲೆ ನಡೆಯುತ್ತವೆ. ಆಮೇಲೆ ಸಂಪಾದಕರು ಬರುತ್ತಾರೆ. ಕರಾವಳಿಯಲ್ಲಿ ಆ ಅರ್ಥ ನಿಜವಾಗಿಯೂ ಉಂಟೇ ಎಂಬುದನ್ನು ಹೇಳಬಲ್ಲವರು ಆ ಮಾತನ್ನು ಆಡಿ ಕೇಳಿ ಬಲ್ಲವರೇ ಹೊರತು, ಬರೆಹದಲ್ಲಿ ವಿರಳವಾಗಿ ದಾಖಲಾದ ಪ್ರಾಂತೀಯ ಬಳಕೆಯನ್ನು ನೆರವಿಲ್ಲದೆ ಊಹಿಸುವ ಭಾಷಾಮಾದರಿಯಲ್ಲ. ಸಂಪಾದಕರ ಸಮಯದಲ್ಲಿ ಹುಡುಕಾಟಕ್ಕೂ ನಕಲಿಗೂ ಹೋಗುತ್ತಿದ್ದ ಭಾಗವೆಲ್ಲ ಉಳಿದು, ನಿರ್ಣಯಕ್ಕೆ ಬೇಕಾದ ಭಾಗ ಮಾತ್ರ ವೆಚ್ಚವಾಗುತ್ತದೆ. ಈ ಸಂಯೋಜನೆಯ ನಿಜವಾದ ಲಾಭ ಇದು.

ಅಪಾಯಗಳು

ಭಾಷಾಮಾದರಿಗೆ ಒಡೆಯನ ಅಪ್ಪಣೆಯೂ, ಓದಲೆಂದು ಕೊಟ್ಟ ಸಾಮಗ್ರಿಯೂ ಒಂದೇ ಅಕ್ಷರಪ್ರವಾಹವಾಗಿ ತಲಪುತ್ತವೆ. ಓದಲು ಕೊಟ್ಟ ದೂರಿನ ಒಳಗೆ ಯಾವನಾದರೂ ಕುಹಕಿ ಅಪ್ಪಣೆಯ ಧಾಟಿಯಲ್ಲಿ ನಾಲ್ಕು ಮಾತು ಬರೆದಿಟ್ಟರೆ, ಅದನ್ನೂ ಒಡೆಯನ ಮಾತೆಂದು ಭ್ರಮಿಸಿ ಪಾಲಿಸುವ ಸಂಭವವುಂಟು. 2022ರ ಸೆಪ್ಟೆಂಬರಿನಲ್ಲಿ ತಂತ್ರಾಂಶ ರಚಕನಾದ ಸೈಮನ್ ವಿಲಿಸನ್ ಈ ಬಗೆಯ ಆಕ್ರಮಣಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಎಂಬ ಹೆಸರನ್ನಿಟ್ಟನು. ಭಂಡಾರಕ್ಕೆ ಜೋಡಿಸಿದ ಸಹಾಯಕಕ್ಕೆ ಇದು ವಿಶೇಷವಾಗಿ ಅನ್ವಯಿಸುವುದಕ್ಕೆ ಕಾರಣ ಸ್ಪಷ್ಟವಾಗಿದೆ: ಸಾರ್ವಜನಿಕ ಭಂಡಾರದಲ್ಲಿ ದೂರನ್ನು ದಾಖಲಿಸಲು ಖಾತೆಯುಳ್ಳ ಯಾರಿಗೂ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ.

2025ರ ಮೇ ತಿಂಗಳಿನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಎಂಬ ಸಂಸ್ಥೆಯ ಸಂಶೋಧಕರು ಇದನ್ನು ಪ್ರಯೋಗದಿಂದ ತೋರಿಸಿದರು. ಒಬ್ಬನೇ ಒಡೆಯನ ಸಾರ್ವಜನಿಕ ಭಂಡಾರಕ್ಕೂ ಖಾಸಗಿ ಭಂಡಾರಕ್ಕೂ ಸಹಾಯಕಕ್ಕೆ ಒಂದೇ ಟೋಕನ್ ಕೊಟ್ಟಿತ್ತು. ಸಾರ್ವಜನಿಕ ಭಂಡಾರದಲ್ಲಿ ದಾಖಲಾದ ದೂರೊಂದರೊಳಗೆ ಕಪಟಸೂಚನೆ ಅಡಗಿತ್ತು. ದೂರುಗಳನ್ನು ನೋಡೆಂದು ಒಡೆಯನು ಹೇಳಿದಾಗ, ಸಹಾಯಕ ಆ ಸೂಚನೆಗೆ ಒಳಗಾಗಿ ಖಾಸಗಿ ಭಂಡಾರದ ವಿಷಯಗಳನ್ನು ಓದಿ, ಸಾರ್ವಜನಿಕ ಭಂಡಾರದ ಪುಲ್ ರಿಕ್ವೆಸ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಿತು. ಎಂಸಿಪಿ ಸರ್ವರಿನ ಕೋಡಿನಲ್ಲಿ ಯಾವ ದೋಷವೂ ಇರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಪ್ರತಿಯೊಂದು ಉಪಕರಣವೂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ದೋಷವಿದ್ದದ್ದು ಅಧಿಕಾರಗಳ ಕೂಡಿಕೆಯಲ್ಲಿ. ಗೋಪ್ಯವನ್ನು ಓದುವ ಶಕ್ತಿ, ಅಪರಿಚಿತರ ಬರೆಹಕ್ಕೆ ತೆರೆದುಕೊಂಡಿರುವುದು, ಹೊರಕ್ಕೆ ಸುದ್ದಿ ಕಳುಹಬಲ್ಲ ದಾರಿ, ಈ ಮೂರೂ ಒಂದೇ ಸಹಾಯಕದಲ್ಲಿ ಸೇರಿದಾಗ ಅನರ್ಥ ಸಿದ್ಧವಾಗಿ ನಿಂತಿರುತ್ತದೆ. ಮೂರರಲ್ಲಿ ಒಂದನ್ನಾದರೂ ಕತ್ತರಿಸಬೇಕು. ಸಹಾಯಕಕ್ಕೆ ಇನ್ನಷ್ಟು ಬುದ್ಧಿ ಹೇಳುವುದರಿಂದ, ಎಚ್ಚರಿಕೆಯ ವಾಕ್ಯಗಳನ್ನು ಮುಂದೆ ಸೇರಿಸುವುದರಿಂದ ಈ ರೋಗ ಪೂರ್ತಿ ವಾಸಿಯಾಗಿಲ್ಲ.

ಕಾರ್ಯಸರಣಿಗಳ ಅಪಾಯ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಹೆಜ್ಜೆಗಳನ್ನೆಲ್ಲ ತಾವೇ ಬರೆಯುವ ಬದಲು, ಇತರರು ಬರೆದಿಟ್ಟ ಸಿದ್ಧ ಹೆಜ್ಜೆಗಳನ್ನು ಹೆಸರು ಹೇಳಿ ಕರೆಯುವುದು ವಾಡಿಕೆ. 2025ರ ಮಾರ್ಚಿನಲ್ಲಿ, 23,000ಕ್ಕೂ ಮೇಲ್ಪಟ್ಟು ಭಂಡಾರಗಳಲ್ಲಿ ಬಳಕೆಯಲ್ಲಿದ್ದ, ಯಾವ ಕಡತಗಳು ಬದಲಾಗಿವೆ ಎಂಬುದನ್ನು ಹೇಳುವ ಅಂಥ ಒಂದು ಹೆಜ್ಜೆಯೊಳಕ್ಕೆ ಆಕ್ರಮಣಕಾರರು ನುಗ್ಗಿ, ಅದರ ಹಳೆಯ ಆವೃತ್ತಿಗಳ ಹೆಸರುಗಳನ್ನೇ ತಮ್ಮ ದುಷ್ಟ ಕಮಿಟ್ಟಿನತ್ತ ತಿರುಗಿಸಿದರು; ಕಾರ್ಯಸರಣಿ ನಡೆದಾಗ ರಹಸ್ಯಕೀಲಿಗಳು ದಿನಚರಿಯ ಕಡತದಲ್ಲಿ ಅಚ್ಚಾಗತೊಡಗಿದುವು. ಸಾರ್ವಜನಿಕ ಭಂಡಾರಗಳ ದಿನಚರಿಯನ್ನು ಯಾರು ಬೇಕಾದರೂ ಓದಬಹುದು. ಹೆಜ್ಜೆಯನ್ನು ಆವೃತ್ತಿಯ ಹೆಸರಿನಿಂದ ಕರೆಯದೆ, ಮೊದಲೇ ವಿವರಿಸಿದ 40 ಅಕ್ಷರಗಳ ಗುರುತಿನಿಂದ ಕರೆಯುತ್ತಿದ್ದವರಿಗೆ ಸಾಮಾನ್ಯವಾಗಿ ಕೇಡು ತಟ್ಟಲಿಲ್ಲ. ಹೆಸರನ್ನು ಬೇರೆ ಕಡೆಗೆ ತಿರುಗಿಸಬಹುದು, ಗುರುತನ್ನು ತಿರುಗಿಸಲಾಗದು.

ಗಿಟ್‌ಹಬ್ ತನ್ನ ಕೋಪೈಲಟ್ ಕಾರ್ಯಕರ್ತನನ್ನು 2025ರ ಮೇ ತಿಂಗಳಿನಲ್ಲಿ ಹೊರತಂದಾಗ ಹಾಕಿದ ಕಟ್ಟುಗಳು ಈ ಅನುಭವಗಳ ಹಿನ್ನೆಲೆಯಲ್ಲಿ ಅರ್ಥವಾಗುತ್ತವೆ. ಅದು ತನಗಾಗಿ ಗೊತ್ತಾದ ಬ್ರಾಂಚುಗಳಲ್ಲಿ ಮಾತ್ರ ಬರೆಯಬಹುದು. ಕೆಲಸ ಹೇಳಿದವನೇ ಅದರ ಪುಲ್ ರಿಕ್ವೆಸ್ಟಿಗೆ ಅನುಮೋದನೆ ಕೊಡುವಂತಿಲ್ಲ, ಮತ್ತೊಬ್ಬನು ನೋಡಬೇಕು. ಮನುಷ್ಯನು ಒಪ್ಪುವವರೆಗೆ ಅದು ತಂದ ಕೋಡಿನ ಮೇಲೆ ಕಾರ್ಯಸರಣಿಗಳು ಓಡುವುದಿಲ್ಲ. ಅಂತರ್ಜಾಲದಲ್ಲಿ ಅದು ಸಂಪರ್ಕಿಸಬಹುದಾದ ವಿಳಾಸಗಳೂ ಪರಿಮಿತ. ಈ ಕಟ್ಟುಗಳು ಕೆಲಸದ ವೇಗವನ್ನು ತಗ್ಗಿಸುತ್ತವೆ ಎಂಬ ಆಕ್ಷೇಪ ನಿಜ. ಆದರೂ ಎರಡನೆಯ ಮನುಷ್ಯನು ಓದಬೇಕೆಂಬ ನಿಬಂಧನೆ ಹಿಂದಿನಿಂದಲೂ ಒಳ್ಳೆಯ ತಂತ್ರಾಂಶದ ಪ್ರಾಣವಾಗಿದ್ದುದರಿಂದ, ಬರೆಯುವವನು ಯಂತ್ರವಾದ ಮಾತ್ರಕ್ಕೆ ಅದನ್ನು ಸಡಿಲಿಸುವುದು ಯುಕ್ತವಲ್ಲ.

ಸಾಮರ್ಥ್ಯ ಮತ್ತು ವಿವಾದ

ಸಹಾಯಕಗಳ ಸಾಮರ್ಥ್ಯವನ್ನು ಅಳೆಯಲು 2023ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮುಂತಾದವರು ಎಸ್‌ಡಬ್ಲ್ಯುಇ-ಬೆಂಚ್ ಎಂಬ ಮಾಪನವನ್ನು ರಚಿಸಿದರು. ಪೈಥಾನ್ ಭಾಷೆಯ 12 ಮುಕ್ತ ಭಂಡಾರಗಳಲ್ಲಿ ನಿಜವಾಗಿ ದಾಖಲಾಗಿ ಪರಿಹಾರ ಕಂಡ 2,294 ದೂರುಗಳನ್ನು ಆರಿಸಿ, ಯಂತ್ರ ಕೊಟ್ಟ ಪರಿಹಾರ ಆ ಭಂಡಾರದ ಪರೀಕ್ಷೆಗಳಲ್ಲಿ ತೇರ್ಗಡೆಯಾಗುವುದೇ ಎಂದು ನೋಡುವುದು ಅದರ ಕ್ರಮ. ಮೊದಲ ವರದಿಯಲ್ಲಿ ಅತ್ಯುತ್ತಮವಾಗಿದ್ದ ಮಾದರಿ ಬಿಡಿಸಿದ್ದು ಶೇಕಡ 1.96ರಷ್ಟು ದೂರುಗಳನ್ನು ಮಾತ್ರ. ಅಲ್ಲಿಂದೀಚೆಗೆ ಅಂಕಗಳು ಬಹಳ ಏರಿವೆ. ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಕೋಡೆಲ್ಲ ಪಾಲಕನು ಒಪ್ಪುವ ಕೋಡೆಂದು ತಿಳಿಯಬಾರದು. ಓದಲು ಸುಗಮವಾಗಿರುವುದು, ಭಂಡಾರದ ರೂಢಿಗೆ ಹೊಂದುವುದು, ಬೇಡದುದನ್ನು ಸೇರಿಸದಿರುವುದು ಮುಂತಾದ ಗುಣಗಳು ಈ ಮಾಪನದ ಹೊರಗೆ ಉಳಿಯುತ್ತವೆ.

ಮುಕ್ತ ಪರವಾನಗಿಯ ಕೋಡಿನಿಂದ ಮಾದರಿಗಳಿಗೆ ಶಿಕ್ಷಣ ಕೊಟ್ಟು, ಮೂಲ ಲೇಖಕರ ಹೆಸರನ್ನೂ ಪರವಾನಗಿಯ ಷರತ್ತನ್ನೂ ಕೈಬಿಡುವುದು ನ್ಯಾಯವೇ ಎಂಬ ಪ್ರಶ್ನೆ 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಸಂಯುಕ್ತ ನ್ಯಾಯಾಲಯದ ಮೆಟ್ಟಲೇರಿತು. ಗಿಟ್‌ಹಬ್, ಮೈಕ್ರೋಸಾಫ್ಟ್, ಓಪನ್‌ಎಐ ಸಂಸ್ಥೆಗಳು ಪ್ರತಿವಾದಿಗಳು. ನ್ಯಾಯಾಲಯದ ತೀರ್ಮಾನ ಏನೇ ಆಗಲಿ, ಹೆಸರು ಹೇಳುವುದೊಂದನ್ನೇ ಪ್ರತಿಫಲವಾಗಿ ಬಯಸಿದ ಲೇಖಕನಿಗೆ ಅದೂ ದೊರೆಯದೆ ಹೋಗುವುದು ಖೇದಕರ.

ಕರ್ನಾಟಕದಲ್ಲಿ

ಗಿಟ್‌ಹಬ್ 2020ರ ಫೆಬ್ರವರಿಯಲ್ಲಿ ತನ್ನ ಭಾರತೀಯ ಅಂಗಸಂಸ್ಥೆಯನ್ನು ಪ್ರಕಟಿಸಿತು. ಭಾರತದ ಬಳಕೆದಾರರು ಈಗ ಸಂಖ್ಯೆಯಲ್ಲಿ ಅಮೆರಿಕದವರಿಗೆ ಹತ್ತಿರದ ಸ್ಥಾನದಲ್ಲಿದ್ದಾರೆ. ಆ ಅಂಗಸಂಸ್ಥೆ ಬರುವುದಕ್ಕೆ ಕೆಲವೇ ವರ್ಷಗಳ ಹಿಂದೆ, 2014ರ ಡಿಸೆಂಬರಿನಲ್ಲಿ, ಸರ್ಕಾರದ ಆಜ್ಞೆಯಿಂದ ನಿರ್ಬಂಧಿತವಾದ 32 ತಾಣಗಳ ಪಟ್ಟಿಯಲ್ಲಿ ಗಿಟ್‌ಹಬ್ ಸಹ ಸೇರಿದ್ದು, ಕೆಲವು ದಿನ ಇಲ್ಲಿನ ಅನೇಕರ ಕೆಲಸಕ್ಕೆ ಅಡಚಣೆಯಾಗಿತ್ತು. ಒಂದೇ ಸೇವೆಯನ್ನು ನಂಬಿ ಕಾರ್ಯಸರಣಿಗಳನ್ನೆಲ್ಲ ಅದರೊಳಗೆ ಕಟ್ಟಿಕೊಳ್ಳುವವರು ಈ ಪ್ರಸಂಗವನ್ನು ನೆನೆಯಬೇಕು. ಭಂಡಾರವನ್ನು ಪ್ರತಿಯೊಬ್ಬರ ಗಣಕದಲ್ಲಿಯೂ ಇಟ್ಟುಕೊಳ್ಳಬಹುದು. ದೂರುಗಳು, ಪುಲ್ ರಿಕ್ವೆಸ್ಟಿನ ಚರ್ಚೆಗಳು, ಆ್ಯಕ್ಷನ್ಸ್ ನಡೆಸುವ ಗಣಕಗಳು ಇವು ಸೇವೆಯ ಸ್ವತ್ತಾಗಿಯೇ ಉಳಿಯುತ್ತವೆ. ಬರ್ಲಿನ್ ನಗರದ ಲಾಭರಹಿತ ಸಂಘವೊಂದು ನಡೆಸುವ ಕೋಡ್‌ಬರ್ಗ್, ಸ್ವಂತ ಗಣಕದಲ್ಲಿ ಸ್ಥಾಪಿಸಿಕೊಳ್ಳಬಹುದಾದ ಗಿಟ್‌ಲ್ಯಾಬ್ ಮತ್ತು ಫೋರ್ಜೆಯೊ ಪರ್ಯಾಯಗಳಾಗಿ ಇವೆ.

ಕನ್ನಡದ ನಿಘಂಟು, ಅಕ್ಷರವಿನ್ಯಾಸ, ಕಾಗುಣಿತ ಪರೀಕ್ಷಕ ಮೊದಲಾದ ಮುಕ್ತ ಯೋಜನೆಗಳನ್ನು ನಡೆಸುತ್ತಿರುವವರು ಬಹುಪಾಲು ಸ್ವಯಂಸೇವಕರು. ಸಂಜೆಯ ಬಿಡುವಿನಲ್ಲಿ ಒಬ್ಬಿಬ್ಬರು ಹೊರುತ್ತಿರುವ ಭಾರವದು. ಸಹಾಯಕದ ನೆರವು ಯಾರಿಗಾದರೂ ನಿಜವಾಗಿ ಬೇಕಾಗಿದ್ದರೆ ಅದು ಇವರಿಗೆ. ಅವರು ಈ ಕೆಲಸಕ್ಕೆ ಕೈಹಾಕುವಾಗ, ಮುಖ್ಯ ಶಾಖೆಗೆ ಯಾರೂ ನೇರವಾಗಿ ಬರೆಯದಂತೆ ಮೊದಲು ರಕ್ಷಣೆಯನ್ನು ಹಾಕಿ, ನಿಯಮದಿಂದ ಹಿಡಿಯಬಹುದಾದ ದೋಷಗಳಿಗೆ ಪರೀಕ್ಷೆಗಳನ್ನು ಬರೆದು, ಒಂದೇ ಭಂಡಾರಕ್ಕೆ ಸೀಮಿತವಾದ ಆ್ಯಪಿನ ಮೂಲಕ ಸಹಾಯಕಕ್ಕೆ ಓದುವ ಅಧಿಕಾರವನ್ನಷ್ಟೆ ಕೊಟ್ಟು, ಕೆಲವು ತಿಂಗಳು ಅದರ ಸಲಹೆಗಳ ಗುಣವನ್ನು ನೋಡಿ, ಆಮೇಲೆ ಬ್ರಾಂಚಿನಲ್ಲಿ ಬರೆಯುವ ಅಧಿಕಾರವನ್ನು ಕೊಡಲಿ. ಮುಖ್ಯ ಶಾಖೆಗೆ ಸೇರಿಸುವ ಅಧಿಕಾರವನ್ನು ಮಾತ್ರ ಕನ್ನಡ ಬಲ್ಲ ಮನುಷ್ಯರೇ ಇಟ್ಟುಕೊಳ್ಳಬೇಕು.